ಪುಟ್ಟ ಮಕ್ಕಳ ಜೊತೆ ಟೆಂಟ್ ಮತ್ತು ಚಾರಣ: ಒಂದು ವಾರಾಂತ್ಯದ ಪೂರ್ತಿ ತಯಾರಿ

ಎರಡರಿಂದ ಎಂಟು ವರ್ಷದ ಮಕ್ಕಳನ್ನು ಕಟ್ಟಿಕೊಂಡು ಒಂದು ರಾತ್ರಿ ಟೆಂಟಿನಲ್ಲಿ ಮಲಗಿ, ಎರಡು ದಿನ ಸ್ವಲ್ಪ ಸ್ವಲ್ಪ ನಡೆದು ವಾಪಸ್ ಬರಬೇಕು ಎನ್ನುವವರಿಗೆ ಈ ಬರಹ. ದೊಡ್ಡವರ ಚಾರಣವನ್ನೇ ಚಿಕ್ಕದು ಮಾಡಿದರೆ ಮಕ್ಕಳ ಚಾರಣ ಆಗಿಬಿಡುತ್ತದೆ ಅಂತ ಎಷ್ಟೋ ಜನ ಅಂದುಕೊಳ್ಳುತ್ತಾರೆ. ಹಾಗಲ್ಲ. ದೊಡ್ಡವರಿಗೆ ನಡಿಗೆ ಮುಖ್ಯ, ಟೆಂಟ್ ರಾತ್ರಿ ಕಳೆಯಲು ಒಂದು ಜಾಗ ಅಷ್ಟೇ. ಮಕ್ಕಳಿಗೆ ಟೆಂಟೇ ಹಬ್ಬ. ಅದರ ಜಿಪ್ ಎಳೆಯುವುದು, ಒಳಗೆ ಉರುಳುವುದು, ಟಾರ್ಚ್ ಹಚ್ಚಿ ಆರಿಸುವುದು, ಇಷ್ಟರಲ್ಲೇ ಅರ್ಧ ದಿನ ಹೋಗುತ್ತದೆ. ಆದ್ದರಿಂದ ಟೆಂಟನ್ನು ಒಂದೇ ಕಡೆ ಹಾಕಿ, ಅಲ್ಲಿಂದ ಬರಿಗೈಯಲ್ಲಿ ಹೊರಟು ಅಲ್ಲಿಗೇ ಬರುವ ಹಾಗೆ ಯೋಜನೆ ಮಾಡಿ. ಸಾಮಾನೆಲ್ಲ ಹೊತ್ತು ಊರೂರು ಸುತ್ತುವುದು ಅವರು ದೊಡ್ಡವರಾದ ಮೇಲೆ ಇದ್ದೇ ಇದೆ.

ಇಂಥ ಪ್ರವಾಸವನ್ನು ಹಾಳುಮಾಡುವವು ಹೆಚ್ಚಾಗಿ ಎರಡೇ: ಕೆಟ್ಟ ನಿದ್ದೆ, ಒದ್ದೆ ಬಟ್ಟೆ. ಕೆಳಗೆ ಹೇಳಿರುವ ಹೆಚ್ಚಿನ ಮಾತು ಈ ಎರಡನ್ನು ತಪ್ಪಿಸುವುದಕ್ಕೇ.

ಮೊದಲು ಜಾಗ ಹುಡುಕಿ

ಮೊದಲ ಸಲ ಹೋಗುವವರು ಮನೆಯಿಂದ ಎರಡು ಗಂಟೆಯ ದಾರಿಗಿಂತ ಆಚೆ ಹೋಗಬೇಡಿ. ರಾತ್ರಿ ಹತ್ತಕ್ಕೆ ಮಗುವಿಗೆ ವಾಂತಿ ಶುರುವಾಯಿತು ಅಂದರೆ ಗಂಟುಮೂಟೆ ಕಟ್ಟಿ ಹೊರಡುವ ಹಾಗಿರಬೇಕು. ಗಾಡಿ ನಿಲ್ಲಿಸಿದ ಕಡೆಯಿಂದ ಟೆಂಟಿಗೆ ಐದು ನಿಮಿಷದ ನಡಿಗೆ ಸಾಕು. ಗಾಡಿ ಪಕ್ಕದಲ್ಲೇ ಟೆಂಟ್ ಹಾಕಿದರೆ ಅದು ಕ್ಯಾಂಪಿಂಗೇ ಅಲ್ಲ ಅನ್ನುವವರು ಇದ್ದಾರೆ. ಅವರ ಜೊತೆ ಮೂರು ವರ್ಷದ ಮಗು ಇರುವುದಿಲ್ಲ.

ಟೆಂಟ್ ಹಾಕಲು ಅನುಮತಿ ಇರುವ ಜಾಗವೇ ಆಗಿರಲಿ. ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ: ಬೆಂಕಿ ಹಾಕಬಹುದಾ, ಕುಡಿಯುವ ನೀರು ಸಿಗುತ್ತದಾ, ಶೌಚಾಲಯ ಇದೆಯಾ, ಮೊಬೈಲ್ ಸಿಗ್ನಲ್ ಎಲ್ಲಿಯವರೆಗೆ ಬರುತ್ತದೆ, ಹತ್ತಿರದ ಆಸ್ಪತ್ರೆ ಎಷ್ಟು ದೂರ. ಮಕ್ಕಳು ತೀರಾ ಚಿಕ್ಕವರಾಗಿದ್ದರೆ ಪ್ರಪಾತದ ಅಂಚು, ಆಳದ ನೀರು ಇರುವ ಕಡೆ ಬೇಡವೇ ಬೇಡ. ನೋಟ ಎಷ್ಟೇ ಚೆನ್ನಾಗಿರಲಿ, ಎರಡು ದಿನವೂ ಮಗುವಿನ ಅಂಗಿ ಹಿಡಿದುಕೊಂಡೇ ಕೂರಬೇಕಾಗುತ್ತದೆ.

ಎತ್ತರವನ್ನೂ ನೋಡಿಕೊಳ್ಳಿ. ಪ್ರತಿ 1000 ಮೀಟರ್ ಮೇಲೆ ಹೋದರೆ ಗಾಳಿಯ ತಾಪ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಕೆಳಗಿನ ಊರಿನ ಹವಾಮಾನ ನೋಡಿ ಬಟ್ಟೆ ತುಂಬಿಕೊಂಡು ಹೋದರೆ ಮೇಲೆ ನಡುಗಬೇಕಾಗುತ್ತದೆ. ಇನ್ನು 2500 ಮೀಟರಿಗಿಂತ ಮೇಲೆ ರಾತ್ರಿ ಉಳಿಯುವುದನ್ನು ಸದ್ಯಕ್ಕೆ ಬಿಟ್ಟುಬಿಡಿ. ಎತ್ತರದ ಕಾಯಿಲೆ ತಲೆನೋವು, ವಾಕರಿಕೆಯಿಂದ ಶುರುವಾಗುತ್ತದೆ. ಪುಟ್ಟ ಮಕ್ಕಳಿಗೆ ಅದನ್ನು ಹೇಳಲು ಬರುವುದಿಲ್ಲ, ಸುಮ್ನೆ ರಚ್ಚೆ ಹಿಡಿಯುತ್ತಾರೆ. ನೀವು ಹಟ ಅಂದುಕೊಳ್ಳುತ್ತೀರಿ.

ದಾರಿ ಎಷ್ಟು ಉದ್ದ ಇರಬೇಕು?

ಚಾರಣದ ಸಮಯ ಲೆಕ್ಕ ಹಾಕಲು ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ 1892ರಲ್ಲಿ ಒಂದು ಸೂತ್ರ ಕೊಟ್ಟ. ಈಗಿನ ಅಳತೆಯಲ್ಲಿ ಹೇಳುವುದಾದರೆ ಸಮತಟ್ಟಿನಲ್ಲಿ 5 ಕಿಲೋಮೀಟರಿಗೆ ಒಂದು ಗಂಟೆ, ಜೊತೆಗೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಇದು ಗಟ್ಟಿಮುಟ್ಟಾದ ದೊಡ್ಡವರ ಲೆಕ್ಕ. ಆರು, ಏಳು ವರ್ಷದ ಮಕ್ಕಳಿದ್ದರೆ ಬಂದ ಉತ್ತರವನ್ನು ಎರಡರಿಂದ ಗುಣಿಸಿ. ಐದಕ್ಕಿಂತ ಚಿಕ್ಕವರಿದ್ದರೆ ಯಾವ ಸೂತ್ರವೂ ನಡೆಯುವುದಿಲ್ಲ. ಒಂದು ಇರುವೆ ಸಾಲು ಸಿಕ್ಕರೆ ಅಲ್ಲೇ ಇಪ್ಪತ್ತು ನಿಮಿಷ.

ನನ್ನ ಅಂದಾಜು ಹೀಗಿದೆ. ಎರಡರಿಂದ ನಾಲ್ಕು ವರ್ಷದ ಮಗು ತನ್ನ ಕಾಲ ಮೇಲೆ ಒಂದೆರಡು ಕಿಲೋಮೀಟರ್ ನಡೆದರೆ ಬೇಕಾದಷ್ಟಾಯಿತು. ಐದಾರು ವರ್ಷದವರು ಮೂರು ನಾಲ್ಕು ಕಿಲೋಮೀಟರ್, ಏಳೆಂಟು ವರ್ಷದವರು ಐದಾರು ಕಿಲೋಮೀಟರ್. ಇದು ಹೋಗಿ ಬರುವ ಒಟ್ಟು ದೂರ. ಇಬ್ಬರು ಮಕ್ಕಳಿದ್ದರೆ ಚಿಕ್ಕವರ ಲೆಕ್ಕವೇ ಎಲ್ಲರ ಲೆಕ್ಕ.

ದಾರಿಯ ಕೊನೆಗೆ ಏನಾದರೂ ಇರಬೇಕು. ದೊಡ್ಡ ಬಂಡೆ, ಸಣ್ಣ ತೊರೆ, ಮರದ ಸೇತುವೆ, ಯಾವುದಾದರೂ ಸರಿ. ದೂರದ ಬೆಟ್ಟಸಾಲಿನ ನೋಟ ಐದು ವರ್ಷದವರಿಗೆ ಲೆಕ್ಕಕ್ಕೇ ಇಲ್ಲ. ಪಾದ ಮುಳುಗುವಷ್ಟು ನೀರು ಇದ್ದರೆ ಅದೇ ಸ್ವರ್ಗ.

ಸುತ್ತು ಹಾಕಿ ಬರುವ ದಾರಿಗಿಂತ ಹೋದ ದಾರಿಯಲ್ಲೇ ವಾಪಸ್ ಬರುವುದು ಮಕ್ಕಳಿಗೆ ಒಳ್ಳೆಯದು ಎನ್ನುತ್ತೇನೆ. ನೋಡಿದ್ದನ್ನೇ ನೋಡುವುದು ಬೇಜಾರು ಅನಿಸಬಹುದು. ಆದರೆ ಸುತ್ತುದಾರಿಯಲ್ಲಿ ಅರ್ಧ ದಾಟಿದ ಮೇಲೆ ಬೇರೆ ಗತಿಯೇ ಇಲ್ಲ, ಪೂರ್ತಿ ಮಾಡಲೇಬೇಕು. ಬಂದ ದಾರಿಯಾದರೆ ಬೇಕೆಂದಾಗ ತಿರುಗಬಹುದು. ಮುಂದೆ ಎಲ್ಲಿ ಏರು, ಎಲ್ಲಿ ನೆರಳು ಅನ್ನುವುದೂ ಗೊತ್ತಿರುತ್ತದೆ. ತಿರುಗುವ ಹೊತ್ತನ್ನು ಮನೆಯಲ್ಲೇ ನಿರ್ಧರಿಸಿ. ಹತ್ತೂವರೆ ಅಂದರೆ ಹತ್ತೂವರೆ. ತೊರೆ ಇನ್ನು ಐದೇ ನಿಮಿಷ ಅಂತ ಯಾರೋ ಹೇಳಿದರೂ ಸರಿ.

ಮನೆಯಲ್ಲೇ ಒಂದು ರಾತ್ರಿ

ಹೊರಡುವ ಹಿಂದಿನ ವಾರ ಟೆಂಟನ್ನು ಹಾಲ್‌ನಲ್ಲೋ ತಾರಸಿಯಲ್ಲೋ ಹಾಕಿ. ಎಲ್ಲರೂ ಅದರೊಳಗೇ ಮಲಗಿ. ಕೋಲು ಮುರಿದಿದೆಯಾ, ಗೂಟ ಕಮ್ಮಿ ಇದೆಯಾ, ಎಲ್ಲ ಇಲ್ಲೇ ಗೊತ್ತಾಗುತ್ತದೆ. ಅದಕ್ಕಿಂತ ದೊಡ್ಡ ಲಾಭ, ಮಗುವಿಗೆ ಟೆಂಟಿನೊಳಗಿನ ಕತ್ತಲೆ, ಬಟ್ಟೆಯ ಸರಸರ ಸದ್ದು, ಚೀಲದೊಳಗೆ ಕಾಲು ಚಾಚಿ ಮಲಗುವುದು, ಎಲ್ಲ ಅಭ್ಯಾಸವಾಗುತ್ತದೆ. ಕಾಡಿನಲ್ಲಿ ಹೊಸದು ಬೇಕಾದಷ್ಟು ಇರುತ್ತದೆ, ಹಾಸಿಗೆಯೂ ಹೊಸದಾಗುವುದು ಬೇಡ.

ಹೊಸ ಶೂ ತಂದಿದ್ದರೆ ಒಂದು ವಾರ ಹಾಕಿಕೊಂಡು ಓಡಾಡಲಿ. ಶೂ ಹಾಕಿದ ಮಗುವನ್ನು ನಿಲ್ಲಿಸಿ, ತುದಿಯಲ್ಲಿ ನಿಮ್ಮ ಹೆಬ್ಬೆರಳನ್ನು ಒತ್ತಿ ನೋಡಿ. ಮಗುವಿನ ಕಾಲ್ಬೆರಳಿಗೂ ಶೂ ತುದಿಗೂ ನಡುವೆ ಅಷ್ಟು ಜಾಗ ಇರಬೇಕು. ಇಲ್ಲದಿದ್ದರೆ ಇಳಿಜಾರಿನಲ್ಲಿ ಉಗುರು ಜಜ್ಜಿಹೋಗುತ್ತದೆ.

ಸಾಮಾನು ತುಂಬುವುದು

ಮೊದಲು ನಿದ್ದೆಯದು. ಸ್ಲೀಪಿಂಗ್ ಬ್ಯಾಗಿಗೆ ಜನ ದುಡ್ಡು ಸುರಿಯುತ್ತಾರೆ, ಕೆಳಗೆ ಹಾಸುವ ಮ್ಯಾಟಿನಲ್ಲಿ ಉಳಿಸಲು ನೋಡುತ್ತಾರೆ. ಆದರೆ ಮೈಯ ಬಿಸಿಯನ್ನು ನೆಲವೇ ಎಳೆದುಕೊಳ್ಳುತ್ತದೆ. ಮೈಭಾರಕ್ಕೆ ಬ್ಯಾಗಿನ ಕೆಳಭಾಗ ಅಮುಕಿಹೋಗುವುದರಿಂದ ಅಲ್ಲಿ ಅದು ಬೆಚ್ಚಗಿಡುವುದಿಲ್ಲ. ಹಾಗಾಗಿ ದಪ್ಪ ಫೋಮ್ ಮ್ಯಾಟ್ ಅಥವಾ ಗಾಳಿ ತುಂಬುವ ಮ್ಯಾಟ್ ಎಲ್ಲರಿಗೂ ಒಂದೊಂದು ಇರಲೇಬೇಕು.

ಮಕ್ಕಳ ಅಳತೆಯ ಬ್ಯಾಗ್ ಇಲ್ಲದಿದ್ದರೆ ದೊಡ್ಡವರದನ್ನೇ ಬಳಸಬಹುದು. ಆದರೆ ಖಾಲಿ ಉಳಿಯುವ ಜಾಗವನ್ನೆಲ್ಲ ಆ ಪುಟ್ಟ ಮೈಯೇ ಬಿಸಿ ಮಾಡಬೇಕು, ಅದು ಆಗದ ಮಾತು. ಮಗುವಿನ ಪಾದ ಮುಟ್ಟುವಲ್ಲಿಗೆ ಸ್ವಲ್ಪ ಕೆಳಗೆ ಬ್ಯಾಗನ್ನು ಹಗ್ಗದಿಂದ ಕಟ್ಟಿ, ಅಥವಾ ಉಳಿದ ಭಾಗವನ್ನು ಅಡಿಗೆ ಮಡಚಿ. ಮೇಲಿನ ಅಂಚು ಮುಖದ ಮೇಲೆ ಬರದ ಹಾಗೆ ನೋಡಿಕೊಳ್ಳಿ.

ಬಟ್ಟೆಯನ್ನು ಪದರ ಪದರವಾಗಿ ಯೋಚಿಸಿ. ಮೈಗಂಟಿ ಬೇಗ ಒಣಗುವ ಅಂಗಿ, ಅದರ ಮೇಲೆ ಉಣ್ಣೆ ಅಥವಾ ಫ್ಲೀಸ್ ಸ್ವೆಟರ್, ಹೊರಗೆ ಗಾಳಿ ಮಳೆ ತಡೆಯುವ ಜಾಕೆಟ್. ಚಳಿಯ ಕಡೆ ಹತ್ತಿ ಬಟ್ಟೆ ಬೇಡ. ಒದ್ದೆಯಾದರೆ ಒಣಗುವುದು ನಿಧಾನ, ಅಷ್ಟು ಹೊತ್ತೂ ಮೈ ಬಿಸಿ ಎಳೆಯುತ್ತಿರುತ್ತದೆ. ಸೆಕೆಯ ಜಾಗಕ್ಕೆ ಹತ್ತಿಯೇ ಸರಿ. ಎಲ್ಲಕ್ಕಿಂತ ಮುಖ್ಯವಾದದ್ದು ಮಲಗುವ ಬಟ್ಟೆ. ಒಂದು ಜೊತೆ ಒಣ ಬಟ್ಟೆ, ಸಾಕ್ಸ್, ಟೋಪಿ ಸಮೇತ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟು ರಾತ್ರಿವರೆಗೆ ಮುಟ್ಟಬೇಡಿ. ಮಗು ಸಂಜೆಯೊಳಗೆ ಮೂರು ಸಲ ಕೆಸರಿಗೆ ಬಿದ್ದರೂ ಆ ಚೀಲ ಬಿಚ್ಚುವ ಹಾಗಿಲ್ಲ.

ಉಳಿದದ್ದು ಪಟ್ಟಿಯಲ್ಲಿ:

- ತಲೆಗೆ ಕಟ್ಟುವ ಟಾರ್ಚ್, ತಲೆಗೊಂದು. ಮಕ್ಕಳಿಗೆ ಬೇರೆಯೇ ಬೇಕು, ಇಲ್ಲದಿದ್ದರೆ ನಿಮ್ಮದು ಸಿಗುವುದಿಲ್ಲ
- ಸೀಟಿ, ಮಗುವಿನ ಕುತ್ತಿಗೆಗಲ್ಲ, ಬ್ಯಾಗಿನ ಪಟ್ಟಿಗೆ ಕಟ್ಟಿ. ಕುತ್ತಿಗೆಯ ದಾರ ಕೊಂಬೆಗೆ ಸಿಕ್ಕಿಕೊಳ್ಳಬಹುದು
- ಟೆಂಟಿನ ಹತ್ತಿರ ಓಡಾಡಲು ಚಪ್ಪಲಿ, ಸಾಕ್ಸ್ ಜಾಸ್ತಿ
- ಒದ್ದೆ ಬಟ್ಟೆಗೆ, ಕಸಕ್ಕೆ ಬೇರೆ ಬೇರೆ ಚೀಲ
- ಬ್ಯಾಂಡೇಜ್, ಅಂಟುಪಟ್ಟಿ, ಚಿಮಟ, ಗಾಯ ತೊಳೆಯುವ ದ್ರಾವಣ, ಓಆರ್‌ಎಸ್ ಪುಡಿ, ಜ್ವರದ ಔಷಧಿ
- ಮೊಬೈಲಿಗೆ ಪವರ್ ಬ್ಯಾಂಕ್, ಕಾಗದದ ಮೇಲೆ ಬರೆದ ಫೋನ್ ನಂಬರುಗಳು
- ಮನೆಯಲ್ಲಿ ಮಗು ತಬ್ಬಿ ಮಲಗುವ ಗೊಂಬೆ ಅಥವಾ ಹೊದಿಕೆ. ಇದನ್ನು ಮರೆತರೆ ಮಿಕ್ಕಿದ್ದೆಲ್ಲ ತಂದೂ ಪ್ರಯೋಜನವಿಲ್ಲ

ಜ್ವರದ ಔಷಧಿಯ ಪ್ರಮಾಣ ಮಗುವಿನ ತೂಕದ ಮೇಲೆ ನಿಂತಿರುತ್ತದೆ. ಡಾಕ್ಟರನ್ನು ಮೊದಲೇ ಕೇಳಿ ಬಾಟಲಿಯ ಮೇಲೇ ಬರೆದಿಟ್ಟುಕೊಳ್ಳಿ. ಮಧ್ಯರಾತ್ರಿ ಟಾರ್ಚ್ ಬೆಳಕಿನಲ್ಲಿ ಲೆಕ್ಕ ಮಾಡುವ ಕೆಲಸ ಅಲ್ಲ ಅದು.

ಐದಾರು ವರ್ಷದವರಿಗೆ ಅವರದೇ ಒಂದು ಪುಟ್ಟ ಬ್ಯಾಗ್ ಕೊಡಿ. ಒಳಗೆ ಸಣ್ಣ ನೀರಿನ ಬಾಟಲಿ, ತಿಂಡಿ, ಜಾಕೆಟ್ ಇದ್ದರೆ ಸಾಕು. ಭಾರ ಅವರ ತೂಕದ ಹತ್ತನೇ ಒಂದು ಭಾಗ ದಾಟಬಾರದು. ಅರ್ಧ ದಾರಿಯಲ್ಲಿ ಅದು ನಿಮ್ಮ ಹೆಗಲಿಗೇ ಬರುತ್ತದೆ, ಅದಕ್ಕೂ ತಯಾರಿರಿ.

ಊಟ ಮನೆಯಲ್ಲಿ ತಿನ್ನುವಂಥದ್ದೇ ಇರಲಿ, ಹೊಸ ಪ್ರಯೋಗ ಬೇಡ. ಶನಿವಾರ ರಾತ್ರಿಯ ಊಟವನ್ನು ಅರ್ಧ ತಯಾರು ಮಾಡಿಕೊಂಡೇ ಹೋಗಿ. ಅಲ್ಲಿ ಬಿಸಿ ಮಾಡಿದರೆ ಮುಗಿಯಬೇಕು. ಹಸಿದ ಮಕ್ಕಳ ಮುಂದೆ ತರಕಾರಿ ಹೆಚ್ಚುತ್ತಾ ಕೂರುವುದು ಯಾರಿಗೂ ಬೇಡದ ಶಿಕ್ಷೆ. ನಡೆಯುವಾಗ ತಿನ್ನಲು ಹಣ್ಣು, ಬಿಸ್ಕತ್ತು, ಬೇಯಿಸಿದ ಆಲೂಗಡ್ಡೆ ಚೆನ್ನಾಗಿರುತ್ತವೆ. ಐದು ವರ್ಷದೊಳಗಿನವರಿಗೆ ಇಡೀ ಕಡಲೆಕಾಯಿ ಬೀಜ, ಬಾದಾಮಿ ಕೊಡಬೇಡಿ. ಓಡಾಡುತ್ತಾ ತಿನ್ನುವಾಗ ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯ ಇನ್ನೂ ಜಾಸ್ತಿ.

ಶನಿವಾರ: ತಲುಪುವುದು, ಟೆಂಟ್ ಹಾಕುವುದು

ಮಧ್ಯಾಹ್ನ ಎರಡರೊಳಗೆ ತಲುಪಿ. ಕತ್ತಲಾದ ಮೇಲೆ ಟೆಂಟ್ ಹಾಕುವುದು ದೊಡ್ಡವರಿಗೇ ತಲೆನೋವು, ಮಕ್ಕಳು ಜೊತೆಗಿದ್ದರೆ ಕೇಳುವುದೇ ಬೇಡ.

ಜಾಗ ಆರಿಸುವಾಗ ಮೊದಲು ತಲೆ ಎತ್ತಿ ನೋಡಿ. ಒಣಗಿದ ಕೊಂಬೆ ಮೇಲೆ ತೂಗುತ್ತಿದ್ದರೆ ಅಲ್ಲಿ ಬೇಡ. ಆಮೇಲೆ ನೆಲ ನೋಡಿ. ಒಣ ಹಳ್ಳ, ತಗ್ಗು, ನೀರು ಹರಿದ ಗುರುತು ಇರುವ ಕಡೆ ಹಾಕಬಾರದು. ಮಳೆ ಎಲ್ಲೋ ಮೇಲೆ ಬಿದ್ದರೂ ನೀರು ಇಲ್ಲಿಗೆ ಬರುತ್ತದೆ. ತಣ್ಣನೆ ಗಾಳಿಯೂ ರಾತ್ರಿ ತಗ್ಗಿಗೇ ಇಳಿಯುತ್ತದೆ, ಸ್ವಲ್ಪ ಎತ್ತರದಲ್ಲಿದ್ದರೆ ಬೆಚ್ಚಗಿರುತ್ತದೆ. ಹಾಕುವ ಮೊದಲು ನೆಲದ ಮೇಲೆ ಒಮ್ಮೆ ನೀವೇ ಮಲಗಿ ನೋಡಿ. ನಿಂತಾಗ ಕಾಣದ ಕಲ್ಲು, ಬೇರು, ಇಳಿಜಾರು ಬೆನ್ನಿಗೆ ಗೊತ್ತಾಗುತ್ತದೆ. ಸ್ವಲ್ಪ ಇಳಿಜಾರು ತಪ್ಪದಿದ್ದರೆ ತಲೆ ಮೇಲಿನ ಕಡೆ ಇರಲಿ.

ಮಕ್ಕಳಿಗೆ ನಿಜವಾದ ಕೆಲಸ ಕೊಡಿ. ಗೂಟ ಎಣಿಸಿ ಕೊಡುವುದು, ಕಲ್ಲು ಆರಿಸುವುದು, ಮ್ಯಾಟಿಗೆ ಗಾಳಿ ತುಂಬುವುದು. ಇಪ್ಪತ್ತು ನಿಮಿಷದ ಕೆಲಸ ಒಂದು ಗಂಟೆಯಾಗುತ್ತದೆ, ಆಗಲಿ. ಹಗ್ಗಕ್ಕೆ ಬಣ್ಣದ ಬಟ್ಟೆ ಚೂರು ಕಟ್ಟಿ, ಎಡವುವುದು ಕಮ್ಮಿಯಾಗುತ್ತದೆ.

ಟೆಂಟ್ ನಿಂತ ಕೂಡಲೇ ಮಕ್ಕಳ ಕೈ ಹಿಡಿದು ಒಂದು ಸುತ್ತು ಹಾಕಿ. ಈ ಮರದವರೆಗೆ, ಆ ಬಂಡೆಯವರೆಗೆ, ಅದರಾಚೆ ದೊಡ್ಡವರಿಲ್ಲದೆ ಹೋಗುವ ಹಾಗಿಲ್ಲ. ಬಾಯಲ್ಲಿ ಹೇಳಿದ್ದು ಉಳಿಯುವುದಿಲ್ಲ, ಗಡಿಯನ್ನು ಅವರು ಮುಟ್ಟಿ ನೋಡಬೇಕು. ನೀರು ಹತ್ತಿರದಲ್ಲಿದ್ದರೆ ಒಬ್ಬರು ದೊಡ್ಡವರು ಸರದಿಯ ಮೇಲೆ ಮಕ್ಕಳನ್ನು ಮಾತ್ರ ನೋಡುತ್ತಿರಬೇಕು, ಬೇರೆ ಯಾವ ಕೆಲಸವೂ ಅವರಿಗಿಲ್ಲ. ಎಲ್ಲರೂ ನೋಡುತ್ತಿದ್ದಾರೆ ಅಂದರೆ ಯಾರೂ ನೋಡುತ್ತಿಲ್ಲ ಅಂತಲೇ.

ಬೆಂಕಿ ಮತ್ತು ಶೌಚ

ಬೆಂಕಿಗೆ ಅನುಮತಿ ಇದ್ದರೆ ಸಣ್ಣದಾಗಿ, ಟೆಂಟಿನಿಂದ ದೂರದಲ್ಲಿ ಹಾಕಿ. ಸುತ್ತ ಒಂದು ದೊಡ್ಡ ಹೆಜ್ಜೆ ದೂರಕ್ಕೆ ಗೆರೆ ಎಳೆಯಿರಿ, ಮಕ್ಕಳು ಅದರ ಹೊರಗೇ. ಉರಿ ಕಂಡರೆ ಮಕ್ಕಳು ಹಿಂದೆ ಸರಿಯುತ್ತಾರೆ. ಅವರು ನಂಬಿ ಕಾಲಿಡುವುದು ಬೂದಿಯ ಮೇಲೆ. ಆರಿದ ಹಾಗೆ ಕಾಣುವ ಕೆಂಡ ಮರುದಿನ ಬೆಳಿಗ್ಗೆಯೂ ಸುಡುತ್ತದೆ. ಮಣ್ಣು ಮುಚ್ಚಿ ಆರಿಸಿದರೆ ಇನ್ನೂ ಮೋಸ, ಬಿಸಿ ಒಳಗೇ ಉಳಿಯುತ್ತದೆ, ಮೇಲೆ ಏನೂ ಕಾಣುವುದಿಲ್ಲ. ನೀರು ಸುರಿಯಿರಿ, ಕೋಲಿನಿಂದ ಕಲಕಿ, ಮತ್ತೆ ಸುರಿಯಿರಿ. ಕೈಯ ಹಿಂಭಾಗವನ್ನು ಹತ್ತಿರ ಹಿಡಿದು ನೋಡಿದಾಗ ತಣ್ಣಗಿರಬೇಕು.

ಟೆಂಟಿನೊಳಗೆ ಒಲೆ, ಇದ್ದಿಲು, ಏನನ್ನೂ ಉರಿಸಬೇಡಿ. ಚಳಿ ಅಂತ ಕೆಂಡದ ಬಟ್ಟಲನ್ನು ಒಳಗೆ ಇಟ್ಟುಕೊಂಡರೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ಅದಕ್ಕೆ ವಾಸನೆ ಇಲ್ಲ, ಮಲಗಿದವರು ಏಳುವುದಿಲ್ಲ.

ತೊರೆಯ ನೀರು ಕುಡಿಯಬೇಕಾಗಿ ಬಂದರೆ ಕೊತಕೊತ ಕುದಿಯಲು ಶುರುವಾದ ಮೇಲೆ ಒಂದು ನಿಮಿಷ ಕುದಿಸಿ, 2000 ಮೀಟರಿಗಿಂತ ಮೇಲೆ ಮೂರು ನಿಮಿಷ. ಶೌಚಾಲಯ ಇಲ್ಲದ ಕಡೆ ನೀರಿನಿಂದ, ದಾರಿಯಿಂದ 60 ಮೀಟರ್ ದೂರದಲ್ಲಿ 15ರಿಂದ 20 ಸೆಂಟಿಮೀಟರ್ ಆಳದ ಗುಂಡಿ ತೋಡಿ, ಆಮೇಲೆ ಮಣ್ಣು ಮುಚ್ಚಿ. ಡೈಪರ್, ಒದ್ದೆ ಟಿಶ್ಯೂ ಹೂಳುವ ಹಾಗಿಲ್ಲ, ಚೀಲದಲ್ಲಿ ಕಟ್ಟಿ ವಾಪಸ್ ತನ್ನಿ.

ರಾತ್ರಿ

ಮನೆಯಲ್ಲಿ ಮಲಗುವ ಹೊತ್ತಿಗೇ ಮಲಗಿಸಬೇಕು ಅಂತ ಹಟ ಬೇಡ, ಒಂದು ಗಂಟೆ ಆಚೀಚೆ ಆಗಲಿ. ಆದರೆ ಕ್ರಮ ಮಾತ್ರ ಮನೆಯದ್ದೇ ಇರಲಿ. ಊಟ, ಹಲ್ಲುಜ್ಜುವುದು, ಉಚ್ಚೆ, ಒಣ ಬಟ್ಟೆ, ಕಥೆ. ಉಚ್ಚೆ ಮಾಡಿಸದೆ ಮಲಗಿಸಿದರೆ ರಾತ್ರಿ ಎರಡಕ್ಕೆ ಶೂ ಹುಡುಕುವ ಕೆಲಸ ನಿಮ್ಮದೇ.

ಮಕ್ಕಳನ್ನು ನಡುವೆ ಮಲಗಿಸಿ, ದೊಡ್ಡವರು ಅಂಚಿಗೆ. ಟೆಂಟಿನ ಬಟ್ಟೆಗೆ ಮೈ ತಾಗಿದರೆ ಒಳಗಿನ ತೇವ ಮೈಗೆ ಇಳಿಯುತ್ತದೆ. ಆ ತೇವ ಮಳೆಯದಲ್ಲ, ನಮ್ಮದೇ ಉಸಿರಿನದು. ಚಳಿ ಅಂತ ಎಲ್ಲ ಕಿಂಡಿ ಮುಚ್ಚಿದರೆ ಬೆಳಿಗ್ಗೆ ಒಳಗೆಲ್ಲ ಹನಿ ಹನಿ. ಮೇಲಿನ ಕಿಂಡಿ ಸ್ವಲ್ಪ ತೆರೆದಿಡಿ.

ಮಗುವಿಗೆ ಚಳಿಯಾಗುತ್ತಿದೆಯಾ ಅಂತ ನೋಡಲು ಕೈ, ಮೂಗು ಮುಟ್ಟಬೇಡಿ, ಅವು ತಣ್ಣಗಿರುವುದು ಮಾಮೂಲು. ಕತ್ತಿನ ಹಿಂಭಾಗಕ್ಕೆ ಕೈಯಿಡಿ. ಬೆಚ್ಚಗೆ, ಒಣಗಿ ಇದ್ದರೆ ಸರಿ. ಬೆವರಿದ್ದರೆ ಒಂದು ಪದರ ತೆಗೆಯಿರಿ. ಬೆವರು ಆಮೇಲೆ ಚಳಿಯಾಗಿ ಕಾಡುತ್ತದೆ.

ಹೊರಗಿನ ಸದ್ದಿಗೆ ಹೆದರಿದರೆ "ಏನೂ ಇಲ್ಲ, ಮಲಗು" ಅನ್ನಬೇಡಿ. ಏನೋ ಇದೆ ಅಂತ ಮಗುವಿಗೆ ಕೇಳಿಸಿದೆಯಲ್ಲ. ಅದು ಕಪ್ಪೆ, ಇದು ಗಾಳಿಗೆ ಆಡುವ ಟೆಂಟಿನ ಹಗ್ಗ ಅಂತ ಹೆಸರಿಟ್ಟು ಹೇಳಿ. ಮಲಗುವ ಮೊದಲು ಎಲ್ಲ ಟಾರ್ಚ್ ಆರಿಸಿ ಹೊರಗೆ ಕೂತರೆ ಅರ್ಧ ಹೆದರಿಕೆ ಅಲ್ಲೇ ಹೋಗುತ್ತದೆ. ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಮೊದಲು ಹತ್ತು ನಕ್ಷತ್ರ ಎಣಿಸಿದವರು ಆಮೇಲೆ ಎಣಿಸುವುದನ್ನೇ ಬಿಡುತ್ತಾರೆ.

ಭಾನುವಾರ ಬೆಳಗಿನ ನಡಿಗೆ

ಶನಿವಾರ ಸಂಜೆ ಟೆಂಟಿನ ಸುತ್ತಮುತ್ತ ಅಡ್ಡಾಡಿದರೆ ಸಾಕು. ಮುಖ್ಯ ನಡಿಗೆ ಭಾನುವಾರ ಬೆಳಿಗ್ಗೆ ಇಟ್ಟುಕೊಳ್ಳಿ. ಬಿಸಿಲು ಕಮ್ಮಿ, ಮಕ್ಕಳ ಹುರುಪೂ ಜಾಸ್ತಿ. ರಾತ್ರಿ ಯಾರಿಗೂ ನಿದ್ದೆ ಆಗಿಲ್ಲ ಅಂದರೆ ನಡಿಗೆಯನ್ನೇ ಬಿಡಿ, ತಪ್ಪೇನಿಲ್ಲ.

ಹೊರಡುವಾಗ ಪ್ರತಿ ಮಗುವಿನ ಪೂರ್ತಿ ಫೋಟೋ ಒಂದು, ಶೂ ತಳದ ಫೋಟೋ ಒಂದು ತೆಗೆಯಿರಿ. ಕಳೆದುಹೋದರೆ ಯಾವ ಬಣ್ಣದ ಬಟ್ಟೆ, ಯಾವ ಹೆಜ್ಜೆಗುರುತು ಅಂತ ಹುಡುಕುವವರಿಗೆ ತೋರಿಸಬಹುದು. ಎದ್ದು ಕಾಣುವ ಬಣ್ಣ ಹಾಕಿಸಿ. ಕ್ಯಾಲಿಫೋರ್ನಿಯಾದಲ್ಲಿ 1981ರಲ್ಲಿ ಒಂಬತ್ತು ವರ್ಷದ ಹುಡುಗನೊಬ್ಬ ಕಾಡಿನಲ್ಲಿ ದಾರಿ ತಪ್ಪಿ ತೀರಿಕೊಂಡ ಮೇಲೆ, ಮಕ್ಕಳಿಗೆ ಒಂದು ಸರಳ ಪಾಠ ಹೇಳಿಕೊಡುವ ಕಾರ್ಯಕ್ರಮ ಶುರುವಾಯಿತು: ದಾರಿ ತಪ್ಪಿತು ಅನಿಸಿದರೆ ಹತ್ತಿರದ ಮರವನ್ನು ತಬ್ಬಿ ಅಲ್ಲೇ ಇರು. ನಡೆಯುತ್ತಾ ಹೋದ ಮಗು ಹುಡುಕಿದ ಜಾಗಕ್ಕೇ ಆಮೇಲೆ ಬರಬಹುದು, ನಿಂತಿರುವ ಮಗು ಬೇಗ ಸಿಗುತ್ತದೆ. ಇದರ ಜೊತೆ ಎರಡು ಮಾತು ಸೇರಿಸಿ. ಒಂದು, ಸೀಟಿಯನ್ನು ಮೂರು ಸಲ ಊದು, ನಿಲ್ಲಿಸು, ಮತ್ತೆ ಮೂರು ಸಲ. ಎರಡು, ಯಾರೂ ಬೈಯುವುದಿಲ್ಲ, ಹೆಸರು ಹಿಡಿದು ಕೂಗಿದರೆ ಉತ್ತರ ಕೊಡು. ಬೈಗುಳಕ್ಕೆ ಹೆದರಿ ಅಡಗಿ ಕೂರುವ ಮಕ್ಕಳಿದ್ದಾರೆ.

ಸಾಲಿನಲ್ಲಿ ಮುಂದೆ ಒಬ್ಬರು ದೊಡ್ಡವರು, ಕೊನೆಗೊಬ್ಬರು. ವೇಗ ಮಾತ್ರ ಚಿಕ್ಕವರದು. ಮೊದಲ ಹತ್ತು ನಿಮಿಷಕ್ಕೇ ಒಮ್ಮೆ ನಿಲ್ಲಿ. ಶೂ ಒತ್ತುತ್ತಿದೆಯಾ, ಜಾಕೆಟ್ ತೆಗೆಯಬೇಕಾ ನೋಡಿ. ಆಮೇಲೆ ಅರ್ಧ ಗಂಟೆಗೊಮ್ಮೆ ಎರಡು ಗುಟುಕು ನೀರು, ಒಂದು ತುತ್ತು ತಿಂಡಿ. ಬಾಯಾರಿಕೆ ಅಂತ ಹೇಳುವವರೆಗೆ ಕಾಯಬೇಡಿ. ಬಿಸಿಲಿದ್ದರೆ ಟೋಪಿ, ಎಸ್‌ಪಿಎಫ್ 30ರ ಸನ್‌ಸ್ಕ್ರೀನ್, ಎರಡು ಗಂಟೆಗೊಮ್ಮೆ ಮತ್ತೆ.

"ಅಮ್ಮಾ, ಎತ್ಕೋ" ಶುರುವಾದರೆ ಮೊದಲು ತಿನ್ನಲು ಕೊಡಿ. ಆಮೇಲೆ ಆಟ ಬದಲಿಸಿ. ಮುಂದಿನ ತಿರುವಿನಲ್ಲಿ ಯಾರಿಗೆ ಮೊದಲು ಕೆಂಪು ಎಲೆ ಸಿಗುತ್ತದೆ ನೋಡೋಣ ಅನ್ನಿ, ಅಥವಾ ಮುಂದೆ ನಡೆಸುವ ಕೆಲಸ ಅವರಿಗೇ ಕೊಡಿ. ಇಷ್ಟಾದರೂ ಕಾಲು ಏಳದಿದ್ದರೆ ಅದು ನಿಜವಾದ ಸುಸ್ತು, ತಿರುಗಿಬಿಡಿ. ಇಳಿಯುವಾಗ ಮಕ್ಕಳು ಓಡುತ್ತಾರೆ, ಬೀಳುವುದೂ ಆಗಲೇ. ಕಡಿದಾದ ಕಡೆ ನೀವು ಒಂದು ಹೆಜ್ಜೆ ಕೆಳಗಿರಿ.

ಮಗುವನ್ನು ಬೆನ್ನಿನ ಕ್ಯಾರಿಯರಿನಲ್ಲಿ ಹೊತ್ತಿದ್ದರೆ ಒಂದು ನೆನಪಿರಲಿ. ನೀವು ಬೆವರುತ್ತಿರುತ್ತೀರಿ, ಅದು ಅಲ್ಲಾಡದೆ ಕೂತು ಹೆಪ್ಪುಗಟ್ಟುತ್ತಿರುತ್ತದೆ. ನಿಂತಾಗಲೆಲ್ಲ ಪಾದ ಮುಟ್ಟಿ ನೋಡಿ, ಇಳಿಸಿ ಸ್ವಲ್ಪ ಕುಣಿದಾಡಲು ಬಿಡಿ. ಎಷ್ಟು ತೂಕದವರೆಗೆ ಹೊರಬಹುದು ಅನ್ನುವುದು ಕ್ಯಾರಿಯರಿನ ಮೇಲೇ ಬರೆದಿರುತ್ತದೆ.

ಏನಾದರೂ ಆದರೆ

ಬೊಬ್ಬೆ ಏಳುವ ಮೊದಲು ಆ ಜಾಗ ಕೆಂಪಾಗಿ ಬಿಸಿಯಾಗುತ್ತದೆ. ಮಗು ಕಾಲು ಎಳೆದ ತಕ್ಷಣ ಶೂ ಬಿಚ್ಚಿ, ಅಂಟುಪಟ್ಟಿ ಹಾಕಿ. ಇನ್ನೊಂದು ಕಿಲೋಮೀಟರ್ ಆಮೇಲೆ ನೋಡೋಣ ಅಂದರೆ ಆ ಕಿಲೋಮೀಟರ್ ನೀವೇ ಹೊರಬೇಕಾಗುತ್ತದೆ.

ಉಣ್ಣಿ ಕಚ್ಚಿದ್ದರೆ ಚಿಮಟದಿಂದ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು ನೇರವಾಗಿ ಮೇಲಕ್ಕೆ ಎಳೆಯಿರಿ, ತಿರುಚಬೇಡಿ. ಎಣ್ಣೆ, ಬೆಂಕಿಕಡ್ಡಿ ಬೇಡ. ಇಂಬಳವನ್ನು ಉಗುರಿನಿಂದ ಪಕ್ಕಕ್ಕೆ ಜಾರಿಸಿ ತೆಗೆಯಬಹುದು. ಆಮೇಲೂ ಸ್ವಲ್ಪ ಹೊತ್ತು ರಕ್ತ ಬರುತ್ತದೆ, ಗಾಬರಿ ಬೇಡ, ಒತ್ತಿ ಹಿಡಿಯಿರಿ. ಸೊಳ್ಳೆಗೆ ಡೀಟ್ (ಕೀಟಗಳನ್ನು ದೂರವಿಡುವ ರಾಸಾಯನಿಕ) ಇರುವ ಕ್ರೀಮ್ ಹಚ್ಚುವುದಾದರೆ ಡೀಟ್ 30 ಶೇಕಡಕ್ಕಿಂತ ಜಾಸ್ತಿ ಇರುವುದು ಬೇಡ. ನಿಮ್ಮ ಕೈಗೆ ಹಾಕಿಕೊಂಡು ಹಚ್ಚಿ, ಮಗುವಿನ ಅಂಗೈಗೆ, ಕಣ್ಣು ಬಾಯಿಯ ಹತ್ತಿರ ಹಚ್ಚಬೇಡಿ. ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಮಗುವನ್ನು ನಡೆಸದೆ, ಆದಷ್ಟು ಅಲ್ಲಾಡಿಸದೆ ಹೊತ್ತುಕೊಂಡು ಆಸ್ಪತ್ರೆಗೆ ಹೊರಡಿ.

ಮಳೆಯಲ್ಲಿ ನೆನೆದ ಮಗು ನಡುಗುತ್ತಿದ್ದರೆ ಮೊದಲು ಒದ್ದೆ ಬಟ್ಟೆ ತೆಗೆದು ಒಣ ಬಟ್ಟೆ ಹಾಕಿ, ಟೋಪಿ ಹಾಕಿ, ನಿಮ್ಮ ಜಾಕೆಟ್ಟಿನೊಳಗೆ ಸೇರಿಸಿಕೊಳ್ಳಿ, ಬಿಸಿಯಾದ ಸಿಹಿ ಏನಾದರೂ ಕುಡಿಸಿ. ಮಾತು ತೊದಲಿದರೆ, ಮಂಪರು ಹತ್ತಿದರೆ, ನಡುಕ ತಾನಾಗಿ ನಿಂತುಹೋದರೆ ಅದು ಸುಧಾರಿಸಿದ ಗುರುತಲ್ಲ. ಏನನ್ನೂ ಕುಡಿಸದೆ ಬೆಚ್ಚಗೆ ಸುತ್ತಿ ಕೂಡಲೇ ಆಸ್ಪತ್ರೆಗೆ ಒಯ್ಯಿರಿ.

ಮಿಂಚು ಕಂಡಾಗಿನಿಂದ ಗುಡುಗು ಕೇಳುವವರೆಗೆ ಎಣಿಸಿ. ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್. ಮೂವತ್ತರೊಳಗೆ ಕೇಳಿಸಿದರೆ ಕಟ್ಟಡ ಅಥವಾ ಕಾರಿನೊಳಗೆ ಹೋಗಿ, ಕೊನೆಯ ಗುಡುಗು ಕೇಳಿ ಮೂವತ್ತು ನಿಮಿಷ ಕಳೆಯುವವರೆಗೆ ಅಲ್ಲೇ ಇರಿ. ಟೆಂಟ್ ಸಿಡಿಲಿನಿಂದ ಕಾಪಾಡುವುದಿಲ್ಲ. ಗಾಡಿ ಹತ್ತಿರ ಇರಲಿ ಅಂದದ್ದು ಇದಕ್ಕೂ ಸೇರಿಯೇ.

ವಾಪಸ್ ಹೊರಡುವುದು

ಮಧ್ಯಾಹ್ನದ ಊಟ ಮುಗಿಸಿ ಹೊರಟುಬಿಡಿ. ಇನ್ನೊಂದು ಗಂಟೆ ಆಡಲಿ ಅನ್ನುವಷ್ಟು ಖುಷಿ ಇರುವಾಗಲೇ ಹೊರಡಬೇಕು, ಗಾಡಿ ಹತ್ತಿದ ಹತ್ತು ನಿಮಿಷಕ್ಕೆ ಎಲ್ಲರೂ ನಿದ್ದೆ. ಕಸ ಹೆಕ್ಕುವ ಕೆಲಸ ಮಕ್ಕಳಿಗೆ ಕೊಡಿ, ಅವರ ಕಣ್ಣು ನೆಲಕ್ಕೆ ಹತ್ತಿರ, ಚಾಕೊಲೇಟ್ ಕಾಗದದ ಚೂರೂ ಬಿಡುವುದಿಲ್ಲ.

ಮನೆ ತಲುಪಿ ಸ್ನಾನ ಮಾಡಿಸುವಾಗ ಕಿವಿ ಹಿಂದೆ, ಕಂಕುಳು, ತೊಡೆಸಂದು, ಮಂಡಿಯ ಹಿಂದೆ, ಕೂದಲ ಬುಡ, ಎಲ್ಲ ಕಡೆ ಉಣ್ಣಿ ಇದೆಯಾ ನೋಡಿ. ಮುಂದಿನ ಕೆಲವು ವಾರಗಳಲ್ಲಿ ಜ್ವರ ಅಥವಾ ಚರ್ಮದ ಮೇಲೆ ದದ್ದು ಬಂದರೆ ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ಹೇಳಲು ಮರೆಯಬೇಡಿ. ಟೆಂಟ್ ಒದ್ದೆಯಿದ್ದರೆ ಅದೇ ರಾತ್ರಿ ಬಿಚ್ಚಿ ಹರವಿ. ಸುತ್ತಿಟ್ಟರೆ ಕೆಲವೇ ದಿನಕ್ಕೆ ಬೂಷ್ಟು ಹಿಡಿದು, ಆ ವಾಸನೆ ತೊಳೆದರೂ ಹೋಗುವುದಿಲ್ಲ. ಸ್ಲೀಪಿಂಗ್ ಬ್ಯಾಗನ್ನು ಬಿಸಿಲಿಗೆ ಹಾಕಿ, ಆಮೇಲೆ ಅದರ ಬಿಗಿ ಚೀಲಕ್ಕೆ ತುರುಕದೆ ದೊಡ್ಡ ಬಟ್ಟೆ ಚೀಲದಲ್ಲಿ ಸಡಿಲವಾಗಿ ಇಡಿ. ಏನು ತಂದು ಬಳಸಲೇ ಇಲ್ಲ, ಏನು ಬೇಕಿತ್ತು ಅನ್ನುವುದನ್ನು ನೆನಪು ಹಸಿ ಇರುವಾಗಲೇ ಒಂದು ಚೀಟಿಯಲ್ಲಿ ಬರೆದು ಟೆಂಟಿನ ಚೀಲದೊಳಗೇ ಹಾಕಿಡಿ.